ಮೂರನೇ ಸ್ಟಡ್ಡಿನ ಸದ್ದು

ಕಿವಿಯಣ್ಣನವರಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಒಂದು ತಿಂಗಳು ಪೂರ್ತಿ ನಂಬಿದ್ದೆ. ಅವರ ಗ್ಯಾರೇಜಿನ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ದಿನ, ಎರಡಡಿ ಉದ್ದದ ಉಕ್ಕಿನ ಸರಳಿನ ಒಂದು ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಪಾಪ, ಕಿವಿಯ ಮಿಷನ್ ಕೊಳ್ಳಲಾಗದವರು ಎಂದುಕೊಂಡೆ. ಅಂದಿನಿಂದ "ನಲ್ಲೀಲಿ ನೀರು ಬರ್ತಿಲ್ಲಾ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅವರೂ ಅಷ್ಟೇ ಜೋರಾಗಿ "ಸಂಜೆ ಬರತ್ತೇ!" ಎನ್ನುತ್ತಿದ್ದರು. ಕೊನೆಗೆ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಮೆಟ್ಟಿಲ ಬಳಿ ನನ್ನನ್ನು ತಡೆದರು.

"ಹುಟ್ಟಿನಿಂದ್ಲೇ ಕಿವಿ ಮಂದವೇನಪ್ಪಾ ನಿಂಗೆ? ನಿನ್ ಹತ್ರ ಕೂಗಿ ಕೂಗಿ ನಮ್ಮನೆಯವರ ಗಂಟಲೇ ಕೆಟ್ಟುಹೋಯ್ತು."

ನನ್ನ ಉದ್ಯೋಗವೋ, ಲಿಫ್ಟ್ ಕಂಪನಿಯೊಂದರಲ್ಲಿ ಫೋನ್ ಎತ್ತುವುದು. ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ "ನಮ್ಮವರು ಹೊರಟಿದಾರೆ ಸಾರ್" ಎನ್ನಬೇಕು, ಯಾರೂ ಹೊರಟಿರುವುದಿಲ್ಲ. ಎಂಟು ಗಂಟೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತರೂ ನನಗೆ ಏನೂ ಕೇಳಿಸುತ್ತಿರಲಿಲ್ಲ. ಕಿವಿಯಣ್ಣನವರಿಗೆ ಎಲ್ಲವೂ ಕೇಳಿಸುತ್ತಿತ್ತು; ಆ ಸರಳು ಇಂಜಿನ್ನಿನ ಒಳರೋಗ ಆಲಿಸುವುದಕ್ಕೆ. ಒಮ್ಮೆ ನಾನು ಮೆಟ್ಟಿಲು ಹತ್ತುವಾಗ ತಲೆ ಎತ್ತದೆಯೇ, "ಎಡಗಾಲಿನ ಬೂಟಿನ ಅಟ್ಟೆ ಬಿಡ್ತಾ ಇದೆ, ನೋಡ್ಕೋ" ಎಂದರು. ನಾನು ನಕ್ಕೆ. ಮರುದಿನ ಅಟ್ಟೆ ಬಸ್ಸಿನಲ್ಲೇ ಉಳಿಯಿತು. ನಾನು ಕಾಲೆಳೆದುಕೊಂಡು ಮ್ಯಾನೇಜರ್ ಎದುರು ಹಾಜರಾದೆ.

ಗ್ಯಾರೇಜಿನ ಶಟರ್ ಮೇಲೆ ಅವರೇ ಕೆಂಪು ಬಣ್ಣದಲ್ಲಿ ಬರೆದಿದ್ದರು: "ಇಲ್ಲಿ ಮಾಡಿದ ಕೆಲಸ ವಾಪಸ್ ಬರುವುದಿಲ್ಲ." ಇಪ್ಪತ್ತೆರಡು ವರ್ಷ ಬಂದಿರಲೂ ಇಲ್ಲ.

ಒಂದು ದಿನ ಅಕ್ಕನ ತಮ್ಮ ತನ್ನ ಹಳೇ ಕಾರಿಗೆಂದು ಒಂದು ಡಬ್ಬಿ ತಂದ. ಒಳಗೆ ಹೊಳೆಯುವ ಎಂಟು ರಾಕರ್ ಆರ್ಮ್‌ಗಳು.

"ಭಾವ, ಇದನ್ನ ಹಾಕಿದ್ರೆ ಗಾಡಿ ಹಾರತ್ತಂತೆ."

"ಹಾರಿದ್ದು ಎಲ್ಲಾದ್ರೂ ಇಳೀಲೇಬೇಕಲ್ಲೋ."

ರಾಕರ್ ಆರ್ಮ್ ಎಂದರೆ, ಮಕ್ಕಳು ಎರಡು ತುದಿಗೆ ಕೂತು ಆಡುವ ಹಲಗೆಯಂಥದ್ದು. ಒಂದು ತುದಿಯನ್ನು ಕೆಳಗಿನಿಂದ ಕಡ್ಡಿ ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಹೊಸವು ವಾಲ್ವನ್ನು ಇನ್ನೂ ಆಳಕ್ಕೆ ಒತ್ತುತ್ತವೆ, ಇಂಜಿನ್ ಎದೆ ತುಂಬ ಉಸಿರೆಳೆಯುತ್ತದೆ. ಆದರೆ ಅದಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಗಟ್ಟಿಯಾದಷ್ಟೂ ಹಲಗೆಯನ್ನು ಹಿಡಿದಿರುವ ಸ್ಟಡ್ ಎಂಬ ಗೂಟದ ಮೇಲೆ ಎಳೆತ ಹೆಚ್ಚು. ಆ ಕಾರಿನ ಗೂಟಗಳು ತಿರುಪಿ ಹಾಕಿದವಲ್ಲ, ಹೊಡೆದು ಕೂರಿಸಿದವು. ಸರಿಯಾಗಿ ಮಾಡಬೇಕೆಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ, ತೂತಿಗೆ ಥ್ರೆಡ್ ಕೊರೆಸಿ, ತಿರುಪಿನ ಸ್ಟಡ್ ಹಾಕಬೇಕು. ನಾಲ್ಕು ದಿನ ಹಿಡಿಯುತ್ತದೆ ಎಂದರು ಕಿವಿಯಣ್ಣನವರು.

"ನಾಲ್ಕು ದಿನಾನಾ! ಅಕ್ಕನ್ನ ಕೆಲಸಕ್ಕೆ ಬಿಡೋರ್ಯಾರು?" ಅಕ್ಕ ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದರು, ದಿನಾ ತಮ್ಮನ ಕಾರಿನಲ್ಲೇ ಹೋಗುತ್ತಿದ್ದರು. "ಅದೆಲ್ಲಾ ಬೇರೆ ಮೆಕ್ಯಾನಿಕ್‌ಗಳಿಗೆ ಭಾವ. ನಿಮ್ಮ ಕೈಯಲ್ಲೂ ಆಗಲ್ವಾ?"

ಆ ಮಾತು ಮಾತ್ರ ಕಿವಿಯಣ್ಣನವರಿಗೆ ಸಿಹಿಯಾಗಿ ಕೇಳಿಸಿರಬೇಕು.

"ತಡ್ಕೊಳ್ಳತ್ತೆ ಬಿಡು" ಎಂದು ಹಳೇ ಗೂಟಗಳ ಮೇಲೇ ಹೊಸವನ್ನು ಕೂರಿಸಿದರು.

ಕಾರು ನಿಜಕ್ಕೂ ಹಾರಿತು. ಬೀದಿಯವರೆಲ್ಲ ಬಂದು ಬಾನೆಟ್ ಎತ್ತಿ ನೋಡಿ ಹೋದರು. ಮೊದಲ ಶನಿವಾರ ಇಂಜಿನ್ ಟಿಕ್ ಟಿಕ್ ಎನ್ನತೊಡಗಿತು. ಒಂದು ನಟ್ ಸಡಿಲವಾಗಿದೆ ಎಂದು ಬಿಗಿ ಮಾಡಿದರು, ಸದ್ದು ಹೋಯಿತು. ಎರಡನೇ ಶನಿವಾರ ಅದೇ ಸದ್ದು, ಅದೇ ನಟ್. ಆ ಸಲ ಬಿಗಿ ಮಾಡಿದ ಮೇಲೂ ಸರಳು ಒತ್ತಿ ಆಲಿಸಿದರು. ಮೂರನೇ ಶನಿವಾರ ನನ್ನ ಕೈಗೆ ಟಾರ್ಚ್ ಕೊಟ್ಟು, ಇಂಜಿನ್ನಿನ ಮುಚ್ಚಳ ತೆಗೆದು, ಎಂಟೂ ಸ್ಟಡ್ಡುಗಳ ತಲೆಯ ಮೇಲೆ ಒಂದು ಉಕ್ಕಿನ ಅಳತೆಪಟ್ಟಿ ಅಡ್ಡ ಇಟ್ಟರು. ಪಟ್ಟಿ ಮಲಗಲಿಲ್ಲ, ಮೂರನೆಯದರ ಮೇಲೆ ತೂಗಾಡಿತು. ನಟ್ ಸಡಿಲವಾಗುತ್ತಿರಲಿಲ್ಲ, ಗೂಟವೇ ಬುಡದಿಂದ ಕಿತ್ತು ಮೇಲೆ ಬರುತ್ತಿತ್ತು. ಬಿಗಿ ಮಾಡಿದ್ದೆಲ್ಲ ಬುಡವಿಲ್ಲದ ಗೂಟಕ್ಕೆ.

"ಅಣ್ಣಾ, ಇದೊಂದು ಎದ್ದಿದೆ."

"ಟಾರ್ಚ್ ನೆಟ್ಟಗೆ ಹಿಡಿ."

ನೆಟ್ಟಗೆ ಹಿಡಿದೆ. ಹೇಳಿದ್ದನ್ನು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವರು ಶಟರಿನ ಕೆಂಪು ಅಕ್ಷರಗಳ ಕಡೆ ಒಮ್ಮೆ ನೋಡಿದರು. ನಟ್ಟನ್ನು ಮತ್ತೆ ಬಿಗಿದು, ಮುಚ್ಚಳ ಕೂರಿಸಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಟ್ಟೆಯಿಂದ ಒರೆಸಿದರು.

"ಆಯ್ತಾ ಭಾವ?" ಕಾರು ಒಯ್ಯಲು ಬಂದ ತಮ್ಮ ಕೇಳಿದ.

"ಆಯ್ತು."

ಸೋಮವಾರ ಬೆಳಿಗ್ಗೆ ಕಾರು ಹೊರಟಾಗ ಅವರು ಸರಳು ಹಿಡಿದುಕೊಂಡೇ ಬೀದಿಗೆ ಬಂದು, ಸದ್ದು ಗುಡ್ಡ ದಾಟುವವರೆಗೂ ನಿಂತರು. ಮಂಗಳವಾರವೂ ಹಾಗೆಯೇ, ಚಹಾ ಆರಿಹೋಯಿತು. ಬುಧವಾರ ಅಕ್ಕ ಬ್ಯಾಗ್ ಹಿಡಿದು ಕಾರಿನ ಬಾಗಿಲು ತೆಗೆದಾಗ, "ಇವತ್ತು ಬಸ್ಸಲ್ಲಿ ಹೋಗು" ಎಂದರು.

"ಯಾಕ್ರೀ? ತಮ್ಮನ ಕಾರಿಗೆ ದೃಷ್ಟಿ ಬಿದ್ದಿದೆಯಾ?"

"ಏನಿಲ್ಲ. ಸುಮ್ನೆ ಅಂದೆ."

ಅಕ್ಕ ನಕ್ಕು ಹತ್ತಿದರು. ಮೆಟ್ಟಿಲ ಮೇಲೆ ನಿಂತಿದ್ದ ನನಗೂ ಬಾಯಿತ್ತು. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ, ಕಟ್ಟಿಕೊಳ್ಳುತ್ತಲೇ ಇದ್ದೆ.

ಏರಿನಲ್ಲಿ ಲಾರಿಯೊಂದನ್ನು ದಾಟುತ್ತಿದ್ದಾಗ ಆ ಸ್ಟಡ್ ಪೂರ್ತಿ ಕಿತ್ತುಬಂತು. ಇಂಜಿನ್ನಿನ ಶಕ್ತಿ ಕುಸಿದು ಕಾರು ಲಾರಿಯ ಪಕ್ಕದಲ್ಲೇ ತೆವಳಿತು. ಎದುರಿನಿಂದ ಬಸ್ಸು ಬರುತ್ತಿತ್ತು. ತಮ್ಮ ಸ್ಟಿಯರಿಂಗನ್ನು ಬಲವಾಗಿ ತಿರುಗಿಸಿ ರಸ್ತೆಯಾಚೆಯ ಗೋಡೆಗೆ ಗುದ್ದಿದ. ಅವನ ಕಾಲು ಎರಡು ಕಡೆ ಮುರಿಯಿತು. ಅಕ್ಕನ ಬಲಗೈ ಮೊಣಕೈಯಿಂದ ಕೆಳಗೆ ಪುಡಿಯಾಯಿತು; ಇನ್ನು ಮೇಲೆ ಒದ್ದೆ ಬಟ್ಟೆ ಎತ್ತುವ ಆಸೆ ಬೇಡ ಎಂದರು ಡಾಕ್ಟರು. ಅಕ್ಕನನ್ನು ಮಲಗಿಸಿದ್ದು ಅದೇ ಆಸ್ಪತ್ರೆಯಲ್ಲಿ, ಅವರೇ ಒಗೆದ ಹಾಸಿಗೆ ಬಟ್ಟೆಯ ಮೇಲೆ.

ಸಂಜೆ ನಾನು ಫ್ಲಾಸ್ಕ್ ಹಿಡಿದು ಹೋದಾಗ ಕಿವಿಯಣ್ಣನವರು ಮಂಚದ ಪಕ್ಕದ ಸ್ಟೂಲಿನ ಮೇಲಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್. ಅಕ್ಕ ಚಾವಣಿಯನ್ನೇ ನೋಡುತ್ತ ಕೇಳಿದರು.

"ರೀ, ಆ ಸದ್ದು ನಿಮಗೆ ಮೊದ್ಲೇ ಕೇಳ್ಸಿತ್ತಾ?"

ಅವರು ನನ್ನ ಕಡೆ ನೋಡಲಿಲ್ಲ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ.

"ಕೇಳ್ಸಿತ್ತು" ಎಂದರು.