ಗೂಡಿನ ಗೋಡೌನಿನ ನಡುಗೋಡೆ

ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿರುವ ನಮ್ಮ ರೇಷ್ಮೆಗೂಡಿನ ಗೋಡೌನ್ ನೋಡಲು ಒಮ್ಮೊಮ್ಮೆ ಆರ್ಕಿಟೆಕ್ಚರ್ ಓದುವ ಮಕ್ಕಳು ಬರುತ್ತಾರೆ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಪೂರ್ವ ಪಶ್ಚಿಮದ ಗೋಡೆಗಳಲ್ಲಿ ಅಲ್ಲಲ್ಲಿ ಇಟ್ಟಿಗೆ ಬಿಟ್ಟು ಕಟ್ಟಿದ ಗಾಳಿಕಿಂಡಿಗಳು. ಒಂದು ತುದಿಯಲ್ಲಿ ಹೊಕ್ಕ ಗಾಳಿ ಗೂಡಿನ ರಾಶಿಗಳ ಮೇಲೆ ಹಾದು ಇನ್ನೊಂದು ತುದಿಯಲ್ಲಿ ಹೊರಬೀಳಬೇಕು, ಇಲ್ಲದಿದ್ದರೆ ಗೂಡು ಬೂಷ್ಟು ಹಿಡಿಯುತ್ತದೆ. ನಮ್ಮ ಮಾವನವರ ತಂದೆ ಕಟ್ಟಿಸಿದ್ದು. ಮಕ್ಕಳು ಕ್ರಾಸ್ ವೆಂಟಿಲೇಷನ್ ಎಂದು ಬರೆದುಕೊಂಡು, ನಡುವಿನ ಗೋಡೆ ನೋಡಿ, "ಇದ್ಯಾಕೆ ಆಂಟಿ?" ಎನ್ನುತ್ತಾರೆ.

ನಾನು ಮದುವೆಯಾಗಿ ಬಂದಾಗ ಆ ಗೋಡೆ ಇರಲಿಲ್ಲ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಗೂಡು ಮುಟ್ಟಿದರೆ ಒಳಗಿನ ಹುಳು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ಕಲಿಸಿದವರು ನನ್ನ ವಾರಗಿತ್ತಿ, ಭಾವನವರ ಹೆಂಡತಿ. ನನಗೆ ಅವರು ಅಕ್ಕ. ಕಿವಿಯ ಹತ್ತಿರ ಗೂಡು ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಮಧ್ಯಾಹ್ನ ಆ ಗಾಳಿಯಲ್ಲಿ ಎದುರುಬದುರು ಕೂತು ಕಳಪೆ ಗೂಡು ಆರಿಸುತ್ತಿದ್ದೆವು. "ನಿಮ್ ಸಿಸ್ಟರ್‌ಗಳು ಬರೀ ಟಸ್ಸುಪುಸ್ಸು ಕಲ್ಸವ್ರೆ ಕಣೇ, ಕೈಗ್ ಕೆಲ್ಸ ಕಲ್ಸಿಲ್ಲ," ಎಂದು ಅಕ್ಕ ಕಾಡುವುದು, ನಾನು ಮುನಿಸಿಕೊಳ್ಳುವುದು, ಅವರು ಕಡ್ಲೆಪುರಿ ಕೊಟ್ಟು ಸಮಾಧಾನ ಮಾಡುವುದು.

ಅಣ್ಣತಮ್ಮ ಭಾಗವಾದಾಗ ಗೋಡೌನನ್ನೂ ಅರ್ಧ ಮಾಡಿ ಗೋಡೆ ಎಬ್ಬಿಸಿದರು. ಗಾಳಿ ನಿಂತಿತು. ಎರಡೂ ಕಡೆ ಗೂಡು ಕೆಟ್ಟು ಇಬ್ಬರ ವ್ಯಾಪಾರವೂ ಮುಳುಗಿತು. ಗಂಡಂದಿರ ಹಟಕ್ಕೆ ನಮ್ಮಿಬ್ಬರ ಮಾತೂ ನಿಂತಿತು. ಅಕ್ಕ ಆ ಕಡೆ ಕೆಮ್ಮಿದರೆ ನನಗೆ ಈ ಕಡೆ ಕೇಳುತ್ತಿತ್ತು, ಅಷ್ಟೆ.

ಗಂಡಸರಿಬ್ಬರೂ ತೀರಿಹೋದ ಮೇಲೆ ನಾವು ಮತ್ತೆ ಒಂದಾದೆವು. ಆದರೆ ಕಳೆದ ವರ್ಷ ಅಕ್ಕನಿಗೆ ಕ್ಯಾನ್ಸರ್. ಇನ್ನು ಕೆಲವೇ ವಾರ ಎಂದು ಡಾಕ್ಟರು ಮನೆಗೆ ಕಳಿಸಿದರು.

"ಆ ಗೋಡೆ ತೆಗ್ಸೇ. ಮೊದಲಿನಂಗೆ ಒಂದ್ಸಲ ಅಲ್ಲಿ ಗಾಳೀಲಿ ಕೂತ್ಕೋಬೇಕು," ಎಂದರು ಅಕ್ಕ.

"ಪ್ರಾಮಿಸ್ ಅಕ್ಕ," ಎಂದೆ.

ದೊಡ್ಡಬಳ್ಳಾಪುರದಿಂದ ಎಂಜಿನಿಯರ್ ಬಂದರು. ಏಣಿ ಹತ್ತಿ ನೋಡಿ ಇಳಿದವರು ಕೈ ಒರೆಸಿಕೊಳ್ಳುತ್ತಾ ನಿಂತರು.

"ಇದನ್ನ ಮುಟ್ಟಂಗಿಲ್ಲ ಮೇಡಂ. ತೊಲೆ ಹೊತ್ತಿದ್ದ ಮರದ ಕಂಬಕ್ಕೆ ಗೆದ್ದಲು ಹಿಡಿದಿದೆ, ತೊಲೆ ಬಗ್ಗಿ ಈ ಗೋಡೆ ಮೇಲೇ ಕೂತಿದೆ. ತೆಗೆದ್ರೆ ಸೂರು ಬೀಳುತ್ತೆ."

"ಇಟ್ಸ್ ಓನ್ಲಿ ಎ ಪಾರ್ಟಿಷನ್," ಎಂದೆ. ಕಟ್ಟಿದಾಗ ಗೋಡೆಗೂ ತೊಲೆಗೂ ನಡುವೆ ಬೆರಳು ತೂರುವಷ್ಟು ಸಂದಿ ಇದ್ದದ್ದು ನಾನೇ ಕಂಡಿದ್ದೆ.

"ಆಗ ಪಾರ್ಟಿಷನ್ನು ಮೇಡಂ. ಈಗ ಸೂರನ್ನ ಹೊತ್ಕೊಂಡಿರೋದೇ ಇದು. ಕಬ್ಬಿಣದ ತೊಲೆ ಮಾಡಿಸಿ ಕೂರಿಸಿ ತೆಗೀಬೋದು. ಮೂರ್ನಾಕು ತಿಂಗಳು ಹಿಡಿಯುತ್ತೆ."

ಅಕ್ಕನ ಹತ್ತಿರ ಅಷ್ಟು ತಿಂಗಳು ಇರಲಿಲ್ಲ. ಆದರೂ ಅರ್ಜೆಂಟಾಗಿ ಕಬ್ಬಿಣ ಹುಡುಕಿ ಎಂದು ಎಂಜಿನಿಯರಿಗೆ ಹೇಳಿದೆ. ಅಕ್ಕನಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮಲಗಿದ್ದಲ್ಲಿಂದಲೇ ಸೂರು ನೋಡಿದರು.

"ಜಗಳ ಆಡ್ಕೊಂಡು ಕಟ್ಟಿದ್ರೂ ಗಟ್ಟಿಯಾಗೇ ಕಟ್ಟವ್ರಲ್ಲೇ ಇಬ್ರೂ," ಎಂದು ನಗಲು ಹೋದರು, ಕೆಮ್ಮು ಬಂತು. ಬೆನ್ನು ನೀವುತ್ತಾ ಕೂತೆ. ಆಮೇಲೆ ಗೋಡೆಯ ವಿಷಯ ಅವರು ಎತ್ತಲಿಲ್ಲ.

ಯುಗಾದಿಗೆ ಮುಂಚೆಯೇ ಅಕ್ಕ ಹೋದರು. ಕಾರ್ಯ ಮುಗಿದ ಮಾರನೆಯ ದಿನ ಎಂಜಿನಿಯರ್ ಫೋನ್ ಮಾಡಿ, ಕಬ್ಬಿಣ ಸಿಕ್ಕಿದೆ, ಕೆಲಸ ಶುರು ಮಾಡೋದಾ ಎಂದು ಕೇಳಿದರು. ಇನ್ನು ಬೇಡ ಎಂದೆ.

"ಯಾಕ್ ಮೇಡಂ, ಅಷ್ಟೊಂದು ಅರ್ಜೆಂಟ್ ಅಂದಿದ್ರಿ?"

ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ.