ಶಂಕ್ರವ್ವ ಕೂತು ಉಂಡ ಊಟ

ಬಸವೇಶ್ವರನಗರದ ನನ್ನ ಪಾತ್ರೆ ಅಂಗಡಿಯ ಒಂದು ಗೋಡೆ ಬೆಳಗಿನಿಂದ ಪಟಪಟ ಅನ್ನುತ್ತಿರುತ್ತದೆ. ಗೋಡೆಯ ಆಚೆ ಶಂಕ್ರವ್ವ ಜೋಳದ ರೊಟ್ಟಿ ಬಡಿಯುತ್ತಾಳೆ. ಹೊಸ ಗಿರಾಕಿಗಳು, “ಪಕ್ಕದಲ್ಲಿ ಬಟ್ಟೆ ಒಗೀತಾ ಇದಾರಾ ಸಾರ್?” ಎಂದು ಕೇಳುವುದುಂಟು. “ಇಲ್ಲಮ್ಮ, ಅಲ್ಲಿ ದುಡ್ಡು ಹುಟ್ತಾ ಇದೆ” ಅನ್ನುತ್ತೇನೆ. ಶಂಕ್ರವ್ವನ ಗಂಡ ಕರಿಬಸಪ್ಪನಿಗೆ ಈ ಮಾತು ಬಹಳ ಇಷ್ಟ. ಶಂಕ್ರವ್ವನಿಗೆ ಅಷ್ಟಕ್ಕಷ್ಟೆ.

ಇಬ್ಬರೂ ರೋಣದ ಕಡೆಯವರು. ಮದುವೆಯಾದ ಹೊಸತರಲ್ಲಿ ಕರಿಬಸಪ್ಪ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಅವನಿಗಿಂತ ಮೊದಲು ಅವನ ಜೊತೆಯವರು ಬಿಚ್ಚುತ್ತಿದ್ದರು. ಒಂದು ದಿನ ಹಸಿದುಕೊಂಡೇ ಮೂಟೆ ಹೊತ್ತ ಮೇಲೆ ಅವನಿಗೆ ಬುದ್ಧಿ ಬಂತು: ಕದ್ದು ತಿನ್ನುವಷ್ಟು ರುಚಿಯಿದ್ದರೆ ಕೊಂಡು ತಿನ್ನಲಿ. ಅಲ್ಲಿಂದ ಬುತ್ತಿ ವ್ಯಾಪಾರ ಶುರುವಾಯಿತು, ಬುತ್ತಿ ಹೋಗಿ ಅಂಗಡಿಯಾಯಿತು. ಈಗ ಹುಬ್ಬಳ್ಳಿ, ವಿಜಯಪುರದ ಕಡೆಯ ಆಫೀಸರುಗಳು ಕಾರು ನಿಲ್ಲಿಸಿ ಕಡಕ್ ರೊಟ್ಟಿ ಕಟ್ಟಿಸಿಕೊಳ್ಳುತ್ತಾರೆ. ಡೆಲಿವರಿ ಹುಡುಗರು ಬೈಕಿನ ಮೇಲೆ ಕೂತೇ ಮುರಿದು ತಿನ್ನುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ಕರಿಬಸಪ್ಪನ ದೊಡ್ಡ ಫೋಟೊ ಇದೆ.

“ರೊಟ್ಟಿ ಮಾಡೋರ ಫೋಟೊ ಯಾಕಿಲ್ಲ ಕರಿಬಸಪ್ಪನೋರೇ?” ಎಂದು ನಾನೊಮ್ಮೆ ಕೇಳಿದ್ದೆ.

“ಫೋಟೊದಾಂವ ಬಂದಾಗ ಆಕಿ ಕೈ ಖಾಲಿ ಇರಲಿಲ್ರೀ” ಅಂದ. ಅವನ ಪ್ರಕಾರ ಅದು ಸಂಪೂರ್ಣ ಉತ್ತರ.

ಮನೆ ಇರುವುದು ಹೇರೋಹಳ್ಳಿಯಲ್ಲಿ. ರಾತ್ರಿ ಅಲ್ಲೂ ಬಡಿದು ಬೆಳಿಗ್ಗೆ ಸ್ಕೂಟರಿನಲ್ಲಿ ಅಂಗಡಿಗೆ ತರುವ ರೊಟ್ಟಿಗಳಲ್ಲಿ, ಆ ರಸ್ತೆಯ ದಯೆಯಿಂದ, ಒಂದಷ್ಟು ಮುರಿಯುತ್ತವೆ. ಮುರಿದದ್ದು ಮನೆಯ ಊಟ, ಇಡಿಯಾದದ್ದು ಗಿರಾಕಿಗೆ. ಶಂಕ್ರವ್ವ ಇಡೀ ರೊಟ್ಟಿ ತಿಂದದ್ದನ್ನು ನಾನಂತೂ ಕಂಡಿಲ್ಲ. ಬೀಗರ ಮದುವೆಗೆ ಹೋದರೂ ಅವಳು ಚಪ್ಪಲಿ ಬಿಡುವ ಮೊದಲೇ ಯಾರೋ, “ಶಂಕ್ರವ್ವ ಬಂದ್ಲು, ಇನ್ನ ರೊಟ್ಟಿ ಚಿಂತಿಲ್ಲ” ಎಂದು ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಾರೆ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಹಾಕಿಕೊಂಡು ಗೋಡೆಗೆ ಒರಗಿ ಉಣ್ಣುತ್ತಾಳೆ.

ಕಳೆದ ವರ್ಷ ಅವರ ಮಗಳು ನಿಖಿತಾ ನಂದಿನಿ ಲೇಔಟಿನಿಂದ ಬಂದು, ಅಪ್ಪ ಅಮ್ಮ ಇಬ್ಬರೂ ಎಲ್ಲಾದರೂ ಹೋಗಿ ಬರಲೇಬೇಕು ಎಂದು ಅಂಗಡಿಯಲ್ಲೇ ಹಟ ಹಿಡಿದಳು. ಜಗಳ ಗೋಡೆ ದಾಟಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಗೋಡೆಯ ಹತ್ತಿರವೇ ಕೂತಿದ್ದೆ.

“ವೈಜಾಗ್‌ಗೆ ಹೋಗಿಪ್ಪ. ಸಮುದ್ರ ಇದೆ. ಅಲ್ಲಿಂದ ಬೆಳಿಗ್ಗೆ ಇನ್ನೊಂದು ರೈಲು ಹತ್ತಿದ್ರೆ ಅರಕು ಅಂತ ಬೆಟ್ಟದ ಊರು. ತಣ್ಣಗಿರತ್ತೆ.”

“ಗೋವಾ ಹತ್ರ ಅಲ್ಲೇನವಾ?”

“ಗೋವಾದಲ್ಲಿ ನೀನೇನ್ ಮಾಡ್ತೀಯಪ್ಪಾ, ಹಣೆ ತುಂಬ ವಿಭೂತಿ ಹಚ್ಕೊಂಡು?”

ಕರಿಬಸಪ್ಪ ಯೋಚಿಸಿದ. ಸಮುದ್ರಕ್ಕೆ ಹೋದರೆ ಅದರ ಜೊತೆಗೇ ಬೆಟ್ಟ ಸಿಗುತ್ತದೆ ಎನ್ನುವುದು ಅವನಿಗೆ ಒಂದು ಸೋಪು ಕೊಂಡರೆ ಇನ್ನೊಂದು ಉಚಿತ ಅಂದ ಹಾಗೆ ಕೇಳಿಸಿತು. ಒಪ್ಪಿದ.

ಆಗ ಪಟಪಟ ನಿಂತಿತು. ಶಂಕ್ರವ್ವ ಕೈಯ ಹಿಟ್ಟು ಕೊಡವಿಕೊಂಡು ಹೇಳಿದಳು: “ನಾ ಬರ್ತೀನಿ. ಆದ್ರ ಒಂದು ಮಾತು. ಅಲ್ಲಿ ನಾ ಯಾರಿಗೂ ಬಡಿಸಂಗಿಲ್ಲ. ನನ್ನ ಕುಂದ್ರಿಸಿ, ಎಲಿ ಹಾಕಿ, ಮತ್ತೊಬ್ರು ಬಡಿಸ್ಬೇಕು. ಸಮುದ್ರ ಹ್ಯಾಂಗರ ಇರ್ಲಿ.”

“ಆತು ತಗೋ” ಅಂದ ಕರಿಬಸಪ್ಪ.

ವ್ಯಾಪಾರಸ್ಥನ ಬಾಯಲ್ಲಿ ಬರುವ ‘ಆಯ್ತು’ ಒಪ್ಪಿಗೆಯಲ್ಲ, ಮಾತು ಮುಗಿಸುವ ಉಪಾಯ. ಇದು ಶಂಕ್ರವ್ವನಿಗೆ ಗೊತ್ತಿರಬೇಕಾಗಿತ್ತು.

ರೈಲು ಕೃಷ್ಣರಾಜಪುರ ದಾಟಿ, ಊಟದ ಆರ್ಡರ್ ಕೇಳುತ್ತ ಹುಡುಗ ಬಂದಾಗ ಅವಳು ಸೆರಗು ಸರಿಪಡಿಸಿಕೊಂಡು ಕೂತಳು. ಕರಿಬಸಪ್ಪ ಕೈ ಆಡಿಸಿ ಅವನನ್ನು ಮುಂದಕ್ಕೆ ಕಳಿಸಿದ. ಆಮೇಲೆ ಸೀಟಿನ ಅಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಪೆಟ್ಟಿಗೆಯ ತುಂಬ ಕಡಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿಯ ಡಬ್ಬಿ. ಪ್ರವಾಸದ ಹಿಂದಿನ ವಾರ, ‘ಮಹಾಲಕ್ಷ್ಮಿ ಲೇಔಟಿನ ದೊಡ್ಡ ಆರ್ಡರ್’ ಎಂದು ಹೇಳಿ ಅವಳಿಂದಲೇ ಮಾಡಿಸಿಕೊಂಡದ್ದು.

“ಇದು ಮಹಾಲಕ್ಷ್ಮಿ ಲೇಔಟಿಂದಲ್ಲ?” ಅಂದಳು ಶಂಕ್ರವ್ವ.

“ರೈಲಿನ್ಯಾಗಿನ ಊಟ ಹೊಟ್ಟಿ ಕೆಡಸ್ತದ. ರಾಶಿ ರೊಟ್ಟಿ ಇಟ್ಕೊಂಡು ಯಾರರ ಹೋಟೆಲಿಗೆ ಹೋಗ್ತಾರೇನು? ಇವು ಮುಗೀಲಿ, ಆಮ್ಯಾಲ ನೋಡೋಣಂತ.”

ಅದೇ ತೊಡಕು. ಅವು ಮುಗಿಯುವಂಥವಲ್ಲ. ಬೇರೆ ಅಡುಗೆಯಾಗಿದ್ದರೆ ಮರುದಿನ ಹಳಸುತ್ತಿತ್ತು, ಹೋಟೆಲಿನ ದಾರಿ ತಾನಾಗಿ ತೆರೆಯುತ್ತಿತ್ತು. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಕೆಡದಂತೆ ಬೇಯಿಸುವುದರಲ್ಲಿ ಶಂಕ್ರವ್ವನನ್ನು ಮೀರಿಸುವವರಿಲ್ಲ. ಇನ್ನು ಅನ್ನ ಚೆಲ್ಲುವುದು ಅವಳ ಕೈಯಲ್ಲಿ ಆಗದ ಕೆಲಸ. ಅವಳು ಪೇಪರು ಹಾಸಿ, ಉಳ್ಳಾಗಡ್ಡಿ ಹೆಚ್ಚಿ, ಗಂಡನಿಗೆ ಬಡಿಸಿದಳು.

ವೈಜಾಗಿನಲ್ಲಿ ಸ್ಟೇಷನ್ನಿನ ಹತ್ತಿರವೇ ಒಂದು ಲಾಡ್ಜು. ಸಂಜೆ ಸಿಟಿ ಬಸ್ಸಿನಲ್ಲಿ ಸಮುದ್ರಕ್ಕೆ ಹೋದರು. ಶಂಕ್ರವ್ವ ಅಲೆಯ ತನಕ ಹೋಗಿ, ಪಾದ ತೋಯಿಸಿಕೊಂಡು, ತುಂಬ ಹೊತ್ತು ನೋಡಿದಳು.

“ಇಷ್ಟು ನೀರು ಇಲ್ಲಿ ಸುಮ್ನ ಬಿದ್ದೈತಿ. ನಾವು ಹೇರೋಹಳ್ಯಾಗ ಟ್ಯಾಂಕರ್‌ದಾಂವಗ ಕೈ ಮುಗೀತೀವಿ.”

“ಉಪ್ಪುನೀರದು, ಹುಚ್ಚಿ.”

“ಟ್ಯಾಂಕರಿಂದೂ ಭಾಳ ಸಿಹಿ ಇರ್ತದೇನು?”

ದಂಡೆಯ ರಸ್ತೆಯಾಚೆ ಒಂದು ಹೋಟೆಲಿತ್ತು. ಗಾಜಿನ ಒಳಗೆ ಜನ ಸಾಲಾಗಿ ಕೂತಿದ್ದರು; ಒಬ್ಬ ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಸಾಂಬಾರು ಹಾಕುತ್ತಿದ್ದ. ಶಂಕ್ರವ್ವ ಸಮುದ್ರಕ್ಕೆ ಬೆನ್ನು ಮಾಡಿ ಅದನ್ನು ನೋಡಿದಳು. ಕರಿಬಸಪ್ಪ ಅವಳ ನೋಟ ಕಂಡ. ಕಂಡು, ಎದುರಿನ ಅಂಗಡಿಯಿಂದ ಒಂದು ಪ್ಯಾಕೆಟ್ ಮೊಸರು ತಂದ. ಕಟ್ಟೆಯ ಮೇಲೆ ಪೇಪರು ಹಾಸಿ, ಜೊತೆಗೇ ಹೊತ್ತು ತಂದಿದ್ದ ಪೆಟ್ಟಿಗೆ ಬಿಚ್ಚಿದ.

ಆದರೆ ಸಮುದ್ರದ ಗಾಳಿ ಶಂಕ್ರವ್ವನ ಪಕ್ಷ ವಹಿಸಿತ್ತು. ಗರಿಗರಿ ರೊಟ್ಟಿ ಆ ಹಸಿ ಗಾಳಿಗೆ ಒದ್ದೆ ಚರ್ಮದಂತೆ ಮೆತ್ತಗಾಯಿತು. ಇನ್ನೆರಡು ದಿನದಲ್ಲಿ ಬೂಷ್ಟು ಹಿಡಿಯಬಹುದು ಎಂದು ಅವಳಿಗೆ ಒಂದಿಷ್ಟು ಆಸೆ ಹುಟ್ಟಿತು. ಕರಿಬಸಪ್ಪನಿಗೂ ಅದೇ ಅನುಮಾನ ಬಂದದ್ದು ಅವಳ ದುರದೃಷ್ಟ. ಲಾಡ್ಜಿಗೆ ಬಂದವನೇ ಫ್ಯಾನನ್ನು ಜೋರು ಮಾಡಿ, ಮಂಚದ ತುಂಬ ರೊಟ್ಟಿ ಹರವಿದ. ಮಂಚದ ಮೇಲೆ ರೊಟ್ಟಿ, ಕುರ್ಚಿಯ ಮೇಲೆ ಹೆಂಡತಿ. ರೂಮು ಒರೆಸಲು ಬಂದವಳು ಬಾಗಿಲಲ್ಲೇ ನಿಂತು, ಇಬ್ಬರನ್ನೂ ನೋಡಿ, ಒರೆಸದೆ ಹೋದಳು.

“ನಿಮ್ಮ ಜೋಡಿ ಬಂದದ್ದು ನಾನೋ ರೊಟ್ಟಿಯೋ?” ಅಂದಳು ಶಂಕ್ರವ್ವ.

“ಇಬ್ರೂ” ಅಂದ ಕರಿಬಸಪ್ಪ. ಅವನು ಸುಳ್ಳು ಹೇಳುವವನಲ್ಲ, ದೊಡ್ಡ ಆರ್ಡರುಗಳ ವಿಷಯ ಬಿಟ್ಟರೆ.

ಮರುದಿನ ಬೆಳಿಗ್ಗೆ ಅರಕಿನ ರೈಲು. ಪೆಟ್ಟಿಗೆಯೂ ಹತ್ತಿತು. ಬಯಲು ಮುಗಿದು ಗಾಡಿ ಬೆಟ್ಟ ಏರತೊಡಗಿದಂತೆ ಒಂದರ ಹಿಂದೊಂದು ಸುರಂಗ. ಕತ್ತಲಾದಾಗಲೆಲ್ಲ ಬೋಗಿಯ ಜನ ಹೋ ಎಂದು ಕೂಗುತ್ತಿದ್ದರು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಶಂಕ್ರವ್ವನೂ ಕೂಗಿದಳು. ಬೆಳಕಾದ ಮೇಲೆ ಏನೂ ಆಗದವಳಂತೆ ಕೂತಳು. ಕಿಟಕಿಯ ಕೆಳಗೆ ಕಣಿವೆ, ಕಣಿವೆಯ ತಳದಲ್ಲಿ ಮಂಜು.

ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಮುಂದೆ ಹಳಿಯ ಮೇಲೆ ಗುಡ್ಡದ ಮಣ್ಣು ಕುಸಿದಿದೆ, ತೆಗೆಯುವ ತನಕ ಚಲಿಸುವುದಿಲ್ಲ ಎಂದು ಸುದ್ದಿ ಬಂತು. ಅಲ್ಲಿ ಒಂದು ಬೆಂಚು, ನೇತುಹಾಕಿದ ಒಂದು ಗಂಟೆ, ಒಂದು ನಾಯಿ ಬಿಟ್ಟರೆ ಏನೂ ಇಲ್ಲ. ವಡೆ ಮಾರುವವನ ಬುಟ್ಟಿ ಮೊದಲೇ ಖಾಲಿಯಾಗಿತ್ತು. ಮಧ್ಯಾಹ್ನವಾಯಿತು. ಮಕ್ಕಳು ಅಳತೊಡಗಿದವು, ದೊಡ್ಡವರು ಸಿಡುಕತೊಡಗಿದರು. ಎದುರಿನ ಸೀಟಿನಲ್ಲಿ ವಿಜಯನಗರಂ ಕಡೆಯ ಒಬ್ಬ ಹೆಂಗಸು ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೊರಟಿದ್ದಳು. ನೀರು ಕುಡಿಸಿ ಕುಡಿಸಿ ಸಮಾಧಾನ ಮಾಡುತ್ತಿದ್ದಳು.

ಕರಿಬಸಪ್ಪ ಬೋಗಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಹಸಿದ ಜನ, ಮುಚ್ಚಿದ ದಾರಿ, ಪೈಪೋಟಿ ಇಲ್ಲದ ಮಾಲು. ಇಂಥ ಸಂತೆ ಜನ್ಮಕ್ಕೊಮ್ಮೆ ಕೂಡುತ್ತದೆ. ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದ: “ಏನಂತಿ? ಎರಡು ರೊಟ್ಟಿ, ಮ್ಯಾಲ ಚಟ್ನಿ. ಪ್ರವಾಸದ ಖರ್ಚು ಇಲ್ಲೇ ಹುಟ್ತದ.”

ಶಂಕ್ರವ್ವ ಅವನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. ಆಮೇಲೆ ಎದ್ದು ನಿಂತು, ಅಂಗಡಿಯಲ್ಲಿ ಎಂದೂ ಏರಿಸದ ದನಿಯಲ್ಲಿ ಇಡೀ ಬೋಗಿಗೆ ಕೇಳುವಂತೆ ಅಂದಳು: “ಎಲ್ರೂ ಕೈ ತೊಳ್ಕೊಳ್ರಿ. ದಾಸೋಹ ಐತಿ!”

ಜನಕ್ಕೆ ಭಾಷೆ ಗೊತ್ತಾಗದಿದ್ದರೂ ಕೈಸನ್ನೆ ಗೊತ್ತಾಯಿತು. ಎದುರಿನ ಹೆಂಗಸು ಪರ್ಸಿಗೆ ಕೈ ಹಾಕಿ, “ಎಂತ ಅಮ್ಮಾ?” ಎಂದು ಬೆಲೆ ಕೇಳಿದಳು. ಶಂಕ್ರವ್ವ ಪರ್ಸು ಮುಚ್ಚಿಸಿದಳು.

ಹಾಗೇ ಸುಮ್ಮನೆ ಹಂಚು ಅಂದಿದ್ದರೆ ಕರಿಬಸಪ್ಪ ನೂರು ನೆಪ ಹೇಳುತ್ತಿದ್ದ. ದಾಸೋಹ ಎಂದು ಬಾಯಿಬಿಟ್ಟ ಮೇಲೆ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ ಇರುವವನು ರೊಕ್ಕದ ಮಾತೆತ್ತುವುದು ಹೇಗೆ? ಹಸಿದವರು ಎದುರಿಗಿರುವಾಗ ಪೆಟ್ಟಿಗೆ ಮುಚ್ಚುವುದು ಹೇಗೆ?

“ಹಂಗಾರ ಹಂಚು ಮತ್ತ” ಅಂದ ಸಣ್ಣ ದನಿಯಲ್ಲಿ.

“ನಾ ಬಡಿಸಂಗಿಲ್ಲ ಅಂತ ಊರಾಗ ಹೇಳೇನಲ್ಲ. ನೀವ ಬಡಿಸ್ರಿ.” ಶಂಕ್ರವ್ವ ಕಿಟಕಿಯ ಪಕ್ಕ ಕೂತಳು.

ಕರಿಬಸಪ್ಪ ಪೆಟ್ಟಿಗೆ ಹೊತ್ತು ಹೊರಟ. ಮೊದಲ ಸಾಲಿನಲ್ಲಿ ಒಬ್ಬೊಬ್ಬರಿಗೆ ಅರ್ಧರ್ಧ ಕೊಟ್ಟ. ಜನ ಮುರಿದು ಬಾಯಿಗಿಟ್ಟು ಕಣ್ಣರಳಿಸಿದ್ದು ನೋಡಿ ಮುಂದಿನ ಸಾಲಿಗೆ ಇಡೀ ರೊಟ್ಟಿ ಬಂತು. “ಅಪ್ಪಡಾಲಾ?” ಎಂದು ಯಾರೋ ಕೇಳಿದರು. “ಹಪ್ಪಳ ಅಲ್ರೀ, ಜೊನ್ನ ರೊಟ್ಟೆ, ಜ್ವಾಳದ್ದು! ನಮ್ಮಾಕಿ ಮಾಡಿದ್ದು. ಅಗೋ, ಅಲ್ಲಿ ಕುಂತಾಳಲ್ಲ, ಆಕಿ!” ಜನ ತಿರುಗಿ ನೋಡಿದರು. ಶಂಕ್ರವ್ವ ಬೆಟ್ಟ ನೋಡುವವಳಂತೆ ಮುಖ ಹೊರಳಿಸಿದಳು. ಬೋರ್ಡಿಗೆ ಹಾಕದ ಮುಖವನ್ನು ಅವನು ಬೋಗಿಯ ಉದ್ದಕ್ಕೂ ತೋರಿಸಿಕೊಂಡು ಹೋದ.

ವಾಪಸು ಬಂದಾಗ ಪೆಟ್ಟಿಗೆಯ ತಳದಲ್ಲಿ ಎರಡೇ ಉಳಿದಿದ್ದವು. “ಇವು ನಮಗ” ಎಂದು ಮೊಣಕಾಲ ಮೇಲಿಟ್ಟುಕೊಂಡ. ಎದುರಿನ ಅತ್ತೆ, ಹಲ್ಲಿಲ್ಲದ ಮುದುಕಿ, ತನ್ನ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿಂದು ಮುಗಿಸಿ ಇತ್ತಲೇ ನೋಡುತ್ತಿದ್ದಳು. ಶಂಕ್ರವ್ವ ಕೈ ಚಾಚಿ ಎರಡನ್ನೂ ಎತ್ತಿ ಅವಳ ಮಡಿಲಿಗೆ ಹಾಕಿದಳು.

“ಏ! ಮತ್ತ ನಮಗ?”

“ನಮಗ ಹೋಟೆಲ್ ಇಲ್ಲೇನ್ರೀ?”

ಕರಿಬಸಪ್ಪ ಖಾಲಿ ಪೆಟ್ಟಿಗೆಯನ್ನು ಬೋರಲು ಮಾಡಿ ತಟ್ಟಿ ನೋಡಿದ. ಪುಡಿಯೂ ಬೀಳಲಿಲ್ಲ. ಆಮೇಲೆ ಅವನೇ ನಕ್ಕುಬಿಟ್ಟನಂತೆ. ನಕ್ಕದ್ದು ನಿಜವೇ ಎಂದು ನಾನು ಶಂಕ್ರವ್ವನನ್ನು ಬೇರೆಯಾಗಿ ಕೇಳಿದ್ದೇನೆ. ನಿಜವಂತೆ.

ಅರಕು ತಲುಪಿದಾಗ ಹೊತ್ತು ಇಳಿಮುಖವಾಗಿತ್ತು, ಗಾಳಿ ತಣ್ಣಗಿತ್ತು. ಸ್ಟೇಷನ್ ಹೊರಗೆ ಒಂದು ಜೀಪಿನವನು, ಕಾಫಿ ತೋಟ, ಕಣಿವೆ ಎಲ್ಲ ತೋರಿಸುತ್ತೇನೆ, ಕೊನೆಯ ಟ್ರಿಪ್ಪು, ಎರಡೇ ಸೀಟು ಇವೆ, ಅಗ್ಗ ಎಂದು ಕೂಗುತ್ತಿದ್ದ. ಅಗ್ಗ ಎನ್ನುವ ಮಾತು ಯಾವ ಭಾಷೆಯಲ್ಲಿದ್ದರೂ ಕರಿಬಸಪ್ಪನಿಗೆ ಅರ್ಥವಾಗುತ್ತದೆ. “ಉಂಡು ಬರ್ತೀವಿ, ನಿಂದ್ರಪ್ಪ” ಎಂದು ಅವನಿಗೆ ಹೇಳಿ, ಹೆಂಡತಿಯ ಹಿಂದೆ ಎದುರಿನ ಹೋಟೆಲಿಗೆ ಹೋದ.

“ಒಂದು ಊಟ ಹೇಳಿ ಹಂಚ್ಕೊಳ್ಳೋಣೇನು?” ಎಂದು ಕೊನೆಯ ಪ್ರಯತ್ನ ಮಾಡಿದ.

ಶಂಕ್ರವ್ವ ಮಾಣಿಗೆ ಎರಡು ಬೆರಳು ತೋರಿಸಿದಳು.

ಬಾಳೆಎಲೆ ಬಂತು. ನಡುವಯಸ್ಸಿನ ಮಾಣಿ ಒಂದು ಕೈಯಲ್ಲಿ ಪಪ್ಪು ಎನ್ನುವ ಅಲ್ಲಿನ ತೊವ್ವೆಯ ಬಕೆಟ್ಟು, ಇನ್ನೊಂದರಲ್ಲಿ ಅನ್ನದ ಬೋಗುಣಿ ಹಿಡಿದು ಬಂದ. ಅವನು ಬಕೆಟ್ಟನ್ನು ಕೆಳಗಿಡಲು ಬಗ್ಗಿದ್ದೇ ತಡ, ಶಂಕ್ರವ್ವ ಅರ್ಧ ಎದ್ದು ಅದಕ್ಕೆ ಕೈ ಹಾಕಿಯೇಬಿಟ್ಟಳು, ಗಂಡನ ಎಲೆಗೆ ಹಾಕಲು. ಮಾಣಿ ಗಾಬರಿಯಾದ. ಕರಿಬಸಪ್ಪ ಅವಳ ಮಣಿಕಟ್ಟು ಹಿಡಿದ.

“ಕುಂದ್ರು” ಅಂದ. “ಆಂವ ಬಡಿಸ್ತಾನ.”

ಕೂತಳು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು. ಮಾಣಿ ಬಗ್ಗಿ ಅನ್ನ ಹಾಕಿದ, ಪಪ್ಪು ಹಾಕಿದ, ಗೋಂಗುರ ಸೊಪ್ಪಿನ ಚಟ್ನಿ ಹಾಕಿದ. ಕರಿಬಸಪ್ಪ, “ಏ ಅಣ್ಣಾ, ಆಕಿಗೆ ನೆಯ್ಯಿ ಇನ್ನೊಂದ್ ಚಮಚ” ಅಂದ. ಹೆಚ್ಚಿಗೆ ತುಪ್ಪಕ್ಕೆ ಹೆಚ್ಚಿಗೆ ರೇಟು ಉಂಟೇ ಎಂದು ಕೇಳಿದ್ದು ಆಮೇಲೆ. ಶಂಕ್ರವ್ವ ಕಲಸಿ ಒಂದು ತುತ್ತು ಉಂಡಳು. ನಿಧಾನಕ್ಕೆ ಅಗಿದಳು. ಮಾಣಿಯನ್ನು ಬೆರಳು ಮಾಡಿ ಕರೆದಳು.

“ಇದಕ್ಕ ಉಪ್ಪು ಕಮ್ಮಿ ಆಗೇತಲ್ಲಪ್ಪ.”

ಅವನು ಓಡಿಹೋಗಿ ಉಪ್ಪು ತಂದ. ಅವಳ ಒಂದು ಮಾತಿಗೆ ಒಬ್ಬ ಗಂಡಸು ಓಡಿದ್ದು ಅದೇ ಮೊದಲಿರಬೇಕು. ನಿಜಕ್ಕೂ ಉಪ್ಪು ಕಡಿಮೆ ಇತ್ತೇ ಎಂದು ನಾನು ಕೇಳಿದೆ. “ಸರಿಯಾಗೇ ಇತ್ರೀ ಅಣ್ಣಾರ” ಅಂದಳು.

ಹೊರಗೆ ಜೀಪಿನವನು ಹಾರನ್ ಹೊಡೆದ. ಎರಡನೆಯ ಸಲ ಅನ್ನ ಬಂತು. ಮತ್ತೆ ಹಾರನ್.

“ಜೀಪು ಹೊಂಟತಿ” ಅಂದ ಕರಿಬಸಪ್ಪ, ಅರ್ಧ ಎದ್ದು. “ಇಷ್ಟು ಅಗ್ಗಕ್ಕ ನಾಳೆ ಸಿಗಂಗಿಲ್ಲ.”

“ಹೋಗ್ಲಿ ಬಿಡ್ರಿ” ಅಂದಳು ಶಂಕ್ರವ್ವ, ಎಲೆಯ ಮೇಲೆ ಅನ್ನವನ್ನು ಗುಂಡಗೆ ಕೂಡಿಸಿ ನಡುವೆ ಗುಳಿ ಮಾಡುತ್ತ. “ನಂಗಿನ್ನೂ ಮಜ್ಜಿಗಿ ಬಡಿಸಿಲ್ಲ.”