ಅವ್ವನ ಉಳಿದ ಮಾತ್ರೆಗಳು

ನಮ್ಮ ಮನೆತನದಲ್ಲಿ ಯಾರಾದರೂ ತೀರಿಕೊಂಡರೆ ಅವರು ಉಟ್ಟ ಬಟ್ಟೆ, ಹಾಸಿದ ಚಾಪೆ, ಉಳಿಸಿಹೋದ ಔಷಧಿ ಎಲ್ಲವನ್ನೂ ಬೂದಿಯ ಜೊತೆಗೇ ಹೊಳೆಗೆ ಬಿಡುತ್ತಾರೆ. ಅವ್ವ ತೀರಿಕೊಂಡದ್ದು ಹರಿಹರದಲ್ಲಿ, ಅಕ್ಕನ ಮನೆಯಲ್ಲಿ. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ತಿಂಗಳುಗಟ್ಟಲೆ ಆಂಟಿಬಯಾಟಿಕ್ ಬದಲಿಸಿ ಬದಲಿಸಿ ಕೊಟ್ಟರೂ ಯಾವುದೂ ನಾಟಲಿಲ್ಲ.

ಬೂದಿ ಬಿಡುವ ದಿನ ಹೊಳೆಯ ಮೆಟ್ಟಿಲ ಮೇಲೆ ಅಕ್ಕ ಸೀರೆಗಳ ಗಂಟು ಬಿಚ್ಚಿ ಮಾತ್ರೆಗಳ ಚೀಲ ತೆಗೆದಳು. ದಾವಣಗೆರೆಯ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ನಾನು ಅವಳ ಕೈ ಹಿಡಿದೆ.

“ಇದೊಂದು ಬ್ಯಾಡಕ್ಕ. ನೀರಾಗಿನ ರೋಗಾಣು ಈ ಔಷಧಿಗೆ ಪಳಗಿಬಿಡ್ತಾವೆ. ಆಮ್ಯಾಲೆ ಯಾರಿಗೂ ನಾಟಲ್ಲ.”

“ಅವ್ವನ ಬೂದಿ ಕೈಯಾಗೈತೆ, ಈಗ್ಲೂ ಪಾಠ ಮಾಡ್ತೀಯಲ್ಲೋ! ಯೂನಿವರ್ಸಿಟಿಯೋರು ಹೊಳೇನೂ ನಿನಗೇ ಬರ್ಕೊಟ್ಟಾರೇನು?”

ನುಂಗಿದ ಮಾತ್ರೆಯ ಒಂದಿಷ್ಟು ಮೂತ್ರದಲ್ಲೇ ಹೊರಗೆ ಹೋಗುತ್ತದೆ ಎಂದೆ. ಕಕ್ಕಸಿನ ನೀರನ್ನು ಶುದ್ಧ ಮಾಡಿ ಹೊಳೆಗೆ ಬಿಟ್ಟರೂ ಹೊಲಸು, ವಾಸನೆ ಹೋದಷ್ಟು ಸುಲಭವಾಗಿ ಔಷಧಿ ಹೋಗುವುದಿಲ್ಲ ಎಂದೆ.

ಅಕ್ಕ ನೀರನ್ನೇ ನೋಡುತ್ತಿದ್ದಳು.

“ಹಂಗಾದ್ರೆ ಅವ್ವ ನುಂಗಿದ್ದು ಆಗ್ಲೇ ಹೊಳೆಗೆ ಬಂದೈತೆ?”

“ಸ್ವಲ್ಪ ಬಂದಿರ್ತೈತೆ.”

“ಮತ್ತೆ ಇಷ್ಟಕ್ಕೆ ಯಾಕ ಅಡ್ಡ ನಿಂತಿ?”

‘ಇಷ್ಟಾದ್ರೂ ನಮ್ಮ ಕೈಯಾಗೈತಲ್ಲ’ ಎಂದೆನೆಂದು ನನ್ನ ನೆನಪು. ಅಕ್ಕ ಇಲ್ಲವೆನ್ನುತ್ತಾಳೆ. ನಾನು ಏನೂ ಹೇಳಲಿಲ್ಲವಂತೆ, ಚೀಲ ಕಸಿದುಕೊಂಡು ಮೆಟ್ಟಿಲು ಹತ್ತಿದೆನಂತೆ. ಆ ಮಾತು ದಾವಣಗೆರೆಗೆ ವಾಪಸಾಗುವ ಬಸ್ಸಿನಲ್ಲಿ ನಾನು ಕಟ್ಟಿಕೊಂಡದ್ದೂ ಇರಬಹುದು. ಅವ್ವನಿಗೆ ಆ ರೋಗಾಣು ಎಲ್ಲಿಂದ ಬಂತೆಂಬುದೂ ನನಗೆ ತಿಳಿಯದು. ಹೊಳೆಯಿಂದಲೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಪುರಾವೆ ಇಲ್ಲ. ದುಃಖಕ್ಕೆ ಒಂದು ಕಾರಣ ಸಿಕ್ಕರೆ ಸಾಕೆಂದು ಮನಸ್ಸು ಹುಡುಕುತ್ತದೆ, ಅಷ್ಟೆ.

ದಾವಣಗೆರೆಯ ವಿದ್ಯಾನಗರದ ಔಷಧಿ ಅಂಗಡಿಗೆ ಚೀಲ ಒಯ್ದೆ. “ವಾಪಸ್ ತಗಳಲ್ಲ ಸಾರ್, ಕಸಕ್ಕೆ ಹಾಕ್ರಿ” ಎಂದರು. ಕಸ ಮಳೆಗೆ ನೆನೆದರೆ ಮತ್ತೆ ಹಳ್ಳಕ್ಕೇ, ಅಲ್ಲಿಂದ ಹೊಳೆಗೇ. ಆಸ್ಪತ್ರೆಯಲ್ಲಿ ವಿಚಾರಿಸಿದೆ. ಹೊರಗಿನ ಔಷಧಿಯನ್ನು ಅವರೂ ಮುಟ್ಟಲಿಲ್ಲ. ಚೀಲ ನನ್ನ ಬೀರುವಿನಲ್ಲಿ ಉಳಿಯಿತು.

ಅಂದಿನಿಂದ ಅಕ್ಕ ನಮ್ಮ ಮನೆಗೆ ಬಂದಿಲ್ಲ. ಅವ್ವನ ವರ್ಷದ ಎಡೆಗೆ ಕರೆಯಲು ಫೋನ್ ಮಾಡಿದೆ.

“ಚೀಲ ಇನ್ನೂ ಮನೆಯಾಗೈತಾ?”

“ಐತಕ್ಕ.”

“ಅವ್ವಗೆ ಹೋಗಾಕೆ ಬಿಡವಲ್ಲಿ ನೀನು. ಹೊಳೆಗೆ ಬ್ಯಾಡ ಅಂದ್ರೆ ಬ್ಯಾಡಪ್ಪ. ಎಲ್ಲಿ ಬಿಡಬೇಕು, ಅದನ್ನಾರ ಹೇಳು. ನಾನೇ ಬಂದು ಬಿಟ್ಟು, ಎಡೆ ಉಂಡು ಹೋಗ್ತೀನಿ.”

ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಎಡೆಯ ದಿನ ಅಕ್ಕ ಬರಲಿಲ್ಲ.